ಇನ್ನೊಂದು ಕಾಲಂ ಸೇರಿಸಿ: ಎಫ್‌ಎಂಜಿಇ ನಡೆಸುವವರಿಗೆ ದಾವಣಗೆರೆಯಿಂದ ಒಂದು ಬಹಿರಂಗ ಪತ್ರ

ಗೆ,
ಅಧ್ಯಕ್ಷರು, ರಾಷ್ಟ್ರೀಯ ವೈದ್ಯಕೀಯ ವಿಜ್ಞಾನಗಳ ಪರೀಕ್ಷಾ ಮಂಡಳಿ, ನವದೆಹಲಿ
ಅಧ್ಯಕ್ಷರು, ರಾಷ್ಟ್ರೀಯ ವೈದ್ಯಕೀಯ ಆಯೋಗ, ನವದೆಹಲಿ

ಮಾನ್ಯರೇ,

ನಾನು ದಾವಣಗೆರೆಯವನು. 31 ವರ್ಷ ಪಿಯುಸಿ ಮಕ್ಕಳಿಗೆ ಬಯಾಲಜಿ ಹೇಳಿಕೊಟ್ಟು ಈಗ ನಿವೃತ್ತನಾಗಿದ್ದೇನೆ. ನನ್ನ ಹತ್ತಿರ ಓದಿದವರಲ್ಲಿ ಡಾಕ್ಟರಾದವರು ಸುಮಾರು ಜನ ಇದ್ದಾರೆ. ಕೆಲವರು ಇಲ್ಲೇ ಓದಿದರು. ಇನ್ನು ಕೆಲವರು ರಷ್ಯಾ, ಉಕ್ರೇನ್, ಕಜಕಸ್ತಾನ, ಫಿಲಿಪ್ಪೀನ್ಸ್ ಅಂತ ಹೋದರು. ಹಾಗೆ ಹೋದವರಲ್ಲಿ ನನ್ನ ತಂಗಿಯ ಮಗಳೂ ಒಬ್ಬಳು. ಅವಳೀಗ ನಮ್ಮ ಮನೆಯ ಮಹಡಿ ರೂಮಿನಲ್ಲಿ ಕೂತು, ನೀವು ನಡೆಸುವ ಎಫ್‌ಎಂಜಿಇ ಪರೀಕ್ಷೆಗೆ, ಅಂದರೆ ಹೊರದೇಶದಲ್ಲಿ ಮೆಡಿಕಲ್ ಓದಿದವರು ಇಲ್ಲಿ ಡಾಕ್ಟರಾಗಲು ಪಾಸಾಗಬೇಕಾದ ಪರೀಕ್ಷೆಗೆ, ಮೂರನೇ ಸಲ ಓದುತ್ತಿದ್ದಾಳೆ.

ಪರೀಕ್ಷೆ ತೆಗೆದುಹಾಕಿ ಅಂತ ನಾನು ಕೇಳುತ್ತಿಲ್ಲ. ಪಾಸ್ ಮಾರ್ಕ್ಸ್ ಇಳಿಸಿ ಅಂತಲೂ ಕೇಳೋದಿಲ್ಲ. ಫೇಲಾದ ಮಗುವಿಗೆ ಯಾವ ವಿಷಯದಲ್ಲಿ ಎಷ್ಟು ಬಂತು ಅಂತ ತಿಳಿಸಿ. ನನ್ನ ಮುಖ್ಯ ಬೇಡಿಕೆ ಇಷ್ಟೇ. ಇಷ್ಟು ಸಣ್ಣ ವಿಷಯಕ್ಕೆ ಇಷ್ಟುದ್ದ ಪತ್ರ ಯಾಕೆ ಅಂತ ನಿಮಗೆ ಅನ್ನಿಸಬಹುದು. ಅದಕ್ಕೇ ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

ನನ್ನ ತಂಗಿಯದು ಚನ್ನಗಿರಿ ಕಡೆ ಹಳ್ಳಿ. ಮೂರೂವರೆ ಎಕರೆ ಅಡಿಕೆ ತೋಟ ಇತ್ತು. ಮಗಳು ನಮ್ಮ ಮನೆಯಲ್ಲೇ ಇದ್ದು ಪಿಯುಸಿ ಓದಿದಳು. ಬುದ್ಧಿವಂತೆ. ಆದರೆ 2018ರ ನೀಟ್‌ನಲ್ಲಿ ಅರ್ಹತೆ ಬಂತು, ಸೀಟು ಬರಲಿಲ್ಲ. ಇದು ಅವಳೊಬ್ಬಳ ಕಥೆಯಲ್ಲ ಬಿಡಿ. 2024ರಲ್ಲಿ ದೇಶದಲ್ಲಿ 23 ಲಕ್ಷಕ್ಕೂ ಜಾಸ್ತಿ ಮಕ್ಕಳು ನೀಟ್ ಬರೆದರು, 13 ಲಕ್ಷ ಮಕ್ಕಳು ಅರ್ಹರಾದರು. ಎಂಬಿಬಿಎಸ್ ಸೀಟು ಇದ್ದದ್ದು ಒಂದು ಲಕ್ಷದ ಮೇಲೆ ಚಿಲ್ಲರೆ. ನಮ್ಮೂರಿನಲ್ಲಿ ಜೆಜೆಎಂ ಮೆಡಿಕಲ್ ಕಾಲೇಜು 1965ರಿಂದ ಇದೆ. ಎಸ್‌ಎಸ್ ಮೆಡಿಕಲ್ ಕಾಲೇಜೂ ಇದೆ. ಎರಡೂ ಖಾಸಗಿ. ಪಕ್ಕದ ಚಿತ್ರದುರ್ಗದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಶುರುವಾದದ್ದು 2023ರಲ್ಲಿ. ಅಷ್ಟು ಹೊತ್ತಿಗೆ ಅವಳು ದೇಶ ಬಿಟ್ಟು ಐದು ವರ್ಷ ಆಗಿತ್ತು. ಮ್ಯಾನೇಜ್‌ಮೆಂಟ್ ಕೋಟಾ ಫೀಸು ಎಷ್ಟು ಅಂತ ವಿಚಾರಿಸಿಕೊಂಡು ಬಂದ ದಿನ ನಮ್ಮ ಭಾವ ರಾತ್ರಿ ಊಟ ಮಾಡಲಿಲ್ಲ.

ಆಮೇಲೆ ಒಂದು ಭಾನುವಾರ ಹೋಟೆಲಿನ ಹಾಲ್‌ನಲ್ಲಿ ಸೆಮಿನಾರ್ ಇದೆ ಅಂತ ಗೊತ್ತಾಯಿತು. ನಾನೂ ಹೋಗಿದ್ದೆ. ದೊಡ್ಡ ಪರದೆ, ಹಿಮದ ಬೆಟ್ಟ, ಬಿಳಿ ಕೋಟು ಹಾಕಿಕೊಂಡ ನಮ್ಮ ಮಕ್ಕಳ ಫೋಟೋ. ಇಂಡಿಯನ್ ಮೆಸ್ ಇದೆ ಅಂದರು. ಕಿರ್ಗಿಸ್ತಾನದ ಬಿಷ್ಕೆಕ್‌ನಲ್ಲಿ ಎಲ್ಲಾ ಸೇರಿ ಇಷ್ಟು ಲಕ್ಷ ಅಂದರು. ವಾಪಸ್ ಬಂದ ಮೇಲೆ ಇಲ್ಲೊಂದು ಪರೀಕ್ಷೆ ಬರೀಬೇಕಲ್ವಾ ಅಂತ ನಾನು ಎದ್ದು ನಿಂತು ಕೇಳಿದೆ. 'ಸರ್, ಅದಕ್ಕೆ ಅಲ್ಲೇ ಕೋಚಿಂಗ್ ಇರುತ್ತೆ, ಐದನೇ ವರ್ಷಕ್ಕೆ ಎಲ್ಲಾ ಮುಗಿಸಿ ಕಳಿಸ್ತೀವಿ' ಅಂದರು. ನಾನು ಕೂತುಕೊಂಡೆ. ಆವತ್ತು ಇನ್ನೆರಡು ಪ್ರಶ್ನೆ ಕೇಳಬೇಕಿತ್ತು ಅಂತ ಈಗಲೂ ಅನ್ನಿಸುತ್ತದೆ. ಒಂದೂವರೆ ಎಕರೆ ತೋಟ ಹೋಯಿತು. ಆರು ವರ್ಷಕ್ಕೆ ಖರ್ಚು 30 ಲಕ್ಷ ದಾಟಿತು.

ಅಲ್ಲಿ ಅವಳು ಸುಮ್ನೆ ಕಾಲ ಕಳೆಯಲಿಲ್ಲ. ರಷ್ಯನ್ ಕಲಿತಳು. ಆಸ್ಪತ್ರೆಯಲ್ಲಿ ಮುದುಕಿಯರ ಹಾಸಿಗೆ ಪಕ್ಕ ನಿಂತು 'ಗ್ದೇ ಬಲೀತ್' ಅಂತ ಕೇಳಬೇಕು, ಅಂದರೆ 'ಎಲ್ಲಿ ನೋಯುತ್ತೆ' ಅಂತ. ಅವರು ಕಿರ್ಗಿಸ್ ಭಾಷೆಯಲ್ಲಿ ಏನೋ ಹೇಳೋರು. ಅರ್ಧ ತಿಳಿಯೋದು, ಅರ್ಧ ತಿಳಿಯುತ್ತಿರಲಿಲ್ಲ. 2020ರಲ್ಲಿ ಕೋವಿಡ್ ಬಂತು. ಊರಿಗೆ ವಾಪಸ್ ಬಂದು, ತೋಟದ ಮನೆಯಲ್ಲಿ ನೆಟ್‌ವರ್ಕ್ ಸಿಗೋ ಮೂಲೆ ಹುಡುಕಿಕೊಂಡು ಫೋನಿನಲ್ಲಿ ಪಾಠ ಕೇಳಿದಳು. ಮತ್ತೆ ಹೋದಳು. 2024ರ ಮೇ 17ರ ರಾತ್ರಿ ಬಿಷ್ಕೆಕ್‌ನಲ್ಲಿ ವಿದೇಶಿ ವಿದ್ಯಾರ್ಥಿಗಳ ಹಾಸ್ಟೆಲ್‌ಗಳ ಮೇಲೆ ಗುಂಪು ದಾಳಿ ಆಯಿತಲ್ಲ, ಆಗ ಇವರೆಲ್ಲ ಲೈಟ್ ಆರಿಸಿ ಬಾಗಿಲಿಗೆ ಮಂಚ ಅಡ್ಡ ಇಟ್ಟುಕೊಂಡು ಕೂತಿದ್ದರು. ಬೆಳಗಿನವರೆಗೂ ನನ್ನ ತಂಗಿ ಫೋನ್ ಕೆಳಗಿಡಲಿಲ್ಲ. ಅದೇ ವರ್ಷ ಡಿಗ್ರಿ ಮುಗಿಸಿಕೊಂಡು ಬಂದಳು.

ಊರಿಗೆ ಬಂದ ದಿನ ಹಳ್ಳಿಯಲ್ಲಿ ಹಾರ ಹಾಕಿದರು. 'ನಮ್ಮೂರ ಡಾಕ್ಟ್ರಮ್ಮ' ಅಂದರು. ಅವಳು ಇನ್ನೂ ಡಾಕ್ಟರ್ ಆಗಿಲ್ಲ, ಎಫ್‌ಎಂಜಿಇ ಪಾಸಾಗಿ, ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನಲ್ಲಿ ತಾತ್ಕಾಲಿಕ ನೋಂದಣಿ ಮಾಡಿಸಿ, ಇಂಟರ್ನ್‌ಶಿಪ್ ಮುಗಿಸಿದ ಮೇಲಷ್ಟೇ ಅಂತ ಅಲ್ಲಿ ಯಾರಿಗೆ ಹೇಳೋದು? ಆವತ್ತೇ ಒಬ್ಬ ಅಜ್ಜ ಬಂದು ಬಿಪಿ ನೋಡು ಅಂತ ಕೈ ಚಾಚಿದ. ಅವಳು ಅಜ್ಜನ ಕೈ ಹಿಡಿದುಕೊಂಡು, 'ಇನ್ನೂ ನಾನು ನೋಡೋ ಹಾಗಿಲ್ಲ ಅಜ್ಜ, ಸ್ವಲ್ಪ ದಿನ ತಡಿ' ಅಂದಳು.

ಈಗ ಪರೀಕ್ಷೆಯ ವಿಷಯಕ್ಕೆ ಬರುತ್ತೇನೆ. ನಿಮಗೆ ಗೊತ್ತಿರೋದೇ, ಆದರೂ ನಮ್ಮ ಕಡೆಯ ಓದುಗರಿಗಾಗಿ ಹೇಳುತ್ತೇನೆ. 2002ರಿಂದ ನಡೆಯುತ್ತಿರುವ ಪರೀಕ್ಷೆ ಇದು. ವರ್ಷಕ್ಕೆ ಎರಡು ಸಲ. ಒಟ್ಟು 300 ಪ್ರಶ್ನೆ, ಕಂಪ್ಯೂಟರ್ ಮುಂದೆ ಕೂತು ಉತ್ತರ ಆರಿಸಬೇಕು. 150 ಪ್ರಶ್ನೆಗೆ ಎರಡೂವರೆ ಗಂಟೆ, ಮಧ್ಯೆ ಬಿಡುವು, ಮತ್ತೆ 150 ಪ್ರಶ್ನೆಗೆ ಎರಡೂವರೆ ಗಂಟೆ. ತಪ್ಪು ಉತ್ತರಕ್ಕೆ ಅಂಕ ಕಳೆಯೋದಿಲ್ಲ. 150 ಬಂದರೆ ಪಾಸು. ರ‍್ಯಾಂಕಿಗಾಗಿ ಒಬ್ಬರನ್ನೊಬ್ಬರು ಹಿಂದೆ ಹಾಕಬೇಕಾದ ಪರೀಕ್ಷೆಯಲ್ಲ. ಅರ್ಧ ಪ್ರಶ್ನೆಗೆ ಸರಿ ಉತ್ತರ ಕೊಟ್ಟವರೆಲ್ಲ ಪಾಸು.

ಮೊದಲನೇ ಅಟೆಂಪ್ಟು 2025ರ ಜನವರಿಯಲ್ಲಿ. ಸೆಂಟರ್ ಬೆಂಗಳೂರು. ನಾನೇ ಜೊತೆಗೆ ಹೋಗಿದ್ದೆ. ವಾಪಸ್ ಬರುವಾಗ ಬಸ್ಸು ತುಮಕೂರು ದಾಟಿತು, ಶಿರಾ ದಾಟಿತು. ಮೇಷ್ಟ್ರ ಬುದ್ಧಿ ನೋಡಿ, ತಡೆಯಲಾಗಲಿಲ್ಲ. 'ಬಯೋಕೆಮಿಸ್ಟ್ರೀಲಿ ಏನು ಕೇಳಿದ್ರಮ್ಮ?' ಅಂದೆ. ಅವಳು ಆಚೆ ಈಚೆ ಸೀಟು ನೋಡಿ, ಸಣ್ಣ ದನಿಯಲ್ಲಿ, 'ಹೇಳೋ ಹಾಗಿಲ್ಲ ಮಾವ, ಪ್ರಶ್ನೆ ಯಾರಿಗೂ ಹೇಳಲ್ಲ ಅಂತ ಒಪ್ಪಿಕೊಂಡಿದೀನಿ' ಅಂದಳು. ನಾನು ಸುಮ್ಮನಾದೆ. ಹಿರಿಯೂರಿನಲ್ಲಿ ಬಸ್ಸು ಊಟಕ್ಕೆ ನಿಂತಿತು. ಅವಳು ಕೆಳಗಿಳಿಯಲಿಲ್ಲ. ಕಣ್ಣು ಮುಚ್ಚಿಕೊಂಡು ಬೆರಳು ಮಡಚುತ್ತಾ ಏನೋ ಎಣಿಸುತ್ತಿದ್ದಳು. ಸರಿ ಆಗಿದ್ದು ಎಷ್ಟು, ತಪ್ಪಾಗಿದ್ದು ಎಷ್ಟು ಅಂತ ಲೆಕ್ಕ ಹಾಕುತ್ತಿದ್ದಳು.

ಫಲಿತಾಂಶ ಬಂತು. 300ಕ್ಕೆ 141. ಒಂಬತ್ತು ಅಂಕ ಕಡಿಮೆ.

ಸ್ಕೋರ್ ಕಾರ್ಡ್ ಪ್ರಿಂಟ್ ತೆಗೆಸಿಕೊಂಡು ಬಂದು ನನ್ನ ಮೇಜಿನ ಮೇಲಿಟ್ಟಳು. ನಾನು ಕನ್ನಡಕ ಹಾಕಿಕೊಂಡು ಕಾಗದದ ಎರಡೂ ಕಡೆ ತಿರುಗಿಸಿ ನೋಡಿದೆ. ಹೆಸರು, ರೋಲ್ ನಂಬರ್, ಒಟ್ಟು ಅಂಕ, ಫೇಲ್. ಅನಾಟಮಿ ಎಷ್ಟು, ಮೆಡಿಸಿನ್ ಎಷ್ಟು, ಹೆರಿಗೆ ಮತ್ತು ಸ್ತ್ರೀರೋಗದ ವಿಷಯದಲ್ಲಿ ಎಷ್ಟು? ಇಲ್ಲ. 'ಇಷ್ಟೇನಾ?' ಅಂದೆ. 'ಇಷ್ಟೇ ಮಾವ' ಅಂದಳು.

ಮುಂದೆ ಏನು ಓದಬೇಕು ಅಂತ ನಾವಿಬ್ಬರೂ ಕೂತು ಊಹೆ ಮಾಡಿದೆವು. ಪಿಎಸ್‌ಎಂ ಇರಬೇಕು ಅಂದಳು. ಅಂದರೆ ಸಮುದಾಯ ವೈದ್ಯಕೀಯ. 30 ಅಂಕದ ವಿಷಯ. ಅದರಲ್ಲಿ ಅರ್ಧಕ್ಕರ್ಧ ನಮ್ಮ ದೇಶದ್ದೇ ವಿಷಯ. ನಮ್ಮ ಲಸಿಕೆ ಪಟ್ಟಿ, ನಮ್ಮ ಕ್ಷಯರೋಗದ ಕಾರ್ಯಕ್ರಮ, ಉಪಕೇಂದ್ರ ಎಷ್ಟು ಜನಕ್ಕೆ ಒಂದು, ಇಂಥವು. ಮಗುವಿಗೆ ಪೆಂಟಾವೇಲೆಂಟ್ ಚುಚ್ಚುಮದ್ದು 6, 10, 14ನೇ ವಾರಕ್ಕೆ ಅಂತ ನಮ್ಮ ಆಶಾ ಕಾರ್ಯಕರ್ತೆಯರು ನಿದ್ದೆಯಲ್ಲೂ ಹೇಳುತ್ತಾರೆ. ಬಿಷ್ಕೆಕ್‌ನಲ್ಲಿ ಓದಿದವಳಿಗೆ ಅಲ್ಲಿನ ಪಟ್ಟಿ ಬಾಯಿಗೆ ಬರುತ್ತಿತ್ತು. ಹಾಗಾಗಿ ಮೂರು ತಿಂಗಳು ಪಿಎಸ್‌ಎಂ ಹಿಡಿದು ಕೂತಳು. ಹಳ್ಳಿಯ ಅಂಗನವಾಡಿಗೂ ಹೋಗಿ ತಾಯಿ ಕಾರ್ಡ್ ನೋಡಿಕೊಂಡು ಬಂದಳು. ಜುಲೈನಲ್ಲಿ ಎರಡನೇ ಸಲ ಬರೆದಳು.

138.

ಆರು ತಿಂಗಳು ದಿನಕ್ಕೆ ಹತ್ತು ಗಂಟೆ ಓದಿದ ಮೇಲೆ ಮೂರು ಅಂಕ ಇಳಿಯಿತು. ಯಾಕೆ ಇಳಿಯಿತು? ಪಿಎಸ್‌ಎಂ ಮೊದಲೇ ಚೆನ್ನಾಗಿತ್ತೋ, ಬೇರೆ ಯಾವುದೋ ಕೈಕೊಟ್ಟಿತೋ? ಪಿಎಸ್‌ಎಂ ಏರಿ, ಓದದೆ ಬಿಟ್ಟ ಸರ್ಜರಿ ಇಳಿಯಿತೋ? ಅವಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಗೊತ್ತಿರೋದು ನಿಮ್ಮ ಕಂಪ್ಯೂಟರಿಗೆ ಮಾತ್ರ.

ನಿಮ್ಮ ಮಾಹಿತಿ ಪುಸ್ತಿಕೆಯಲ್ಲಿ ಒಂದು ಪಟ್ಟಿ ಇದೆ. ನಾನದನ್ನು ಎಷ್ಟು ಸಲ ನೋಡಿದ್ದೇನೆ ಅಂದರೆ ಈಗ ಬಾಯಿಪಾಠ. ಅನಾಟಮಿ 17, ಫಿಸಿಯಾಲಜಿ 17, ಬಯೋಕೆಮಿಸ್ಟ್ರಿ 17. ಪೆಥಾಲಜಿ, ಮೈಕ್ರೋಬಯಾಲಜಿ, ಫಾರ್ಮಕಾಲಜಿ ತಲಾ 13. ಫೊರೆನ್ಸಿಕ್ 10. ಅಲ್ಲಿಗೆ ನೂರು. ಆಮೇಲೆ ಮೆಡಿಸಿನ್ 33, ಸರ್ಜರಿ 32, ಹೆರಿಗೆ ಮತ್ತು ಸ್ತ್ರೀರೋಗ 30, ಪಿಎಸ್‌ಎಂ 30. ಮಕ್ಕಳ ವಿಭಾಗ, ಕಣ್ಣು, ಇಎನ್‌ಟಿ ತಲಾ 15. ಮಕ್ಕಳು ಶಾರ್ಟ್ ಸಬ್ಜೆಕ್ಟ್ ಅಂತಾರಲ್ಲ, ಚರ್ಮರೋಗ, ಮನೋರೋಗ, ಮೂಳೆ, ಅರಿವಳಿಕೆ, ಎಕ್ಸ್‌ರೇ, ರೇಡಿಯೋಥೆರಪಿ, ಅವು ತಲಾ ಐದು. ಒಟ್ಟು 300. ಪ್ರತಿ ಪ್ರಶ್ನೆಯೂ ಯಾವ ವಿಷಯದ್ದು ಅಂತ ಗುರುತು ಮಾಡದೆ ಇಂಥ ಪತ್ರಿಕೆ ತಯಾರಿಸೋಕೆ ಆಗೋದಿಲ್ಲ. ಅಂದರೆ ಲೆಕ್ಕ ನಿಮ್ಮ ಹತ್ತಿರ ಇದ್ದೇ ಇದೆ. ಈ ಪಟ್ಟಿಗೆ ಇನ್ನೊಂದು ಕಾಲಂ ಸೇರಿಸಿ. 'ನಿನಗೆ ಬಂದದ್ದು' ಅಂತ. ಅದನ್ನು ಸ್ಕೋರ್ ಕಾರ್ಡಿನ ಕೆಳಗೆ ಹಾಕಿ.

ನಾನು ಯಾಕೆ ಇದಕ್ಕೆ ಇಷ್ಟು ಗಂಟುಬಿದ್ದಿದ್ದೇನೆ ಅಂತ ಹೇಳಬೇಕು. ಒಂದು ವರ್ಷ ಪಿಯುಸಿ ವ್ಯಾಲ್ಯುವೇಷನ್‌ನಲ್ಲಿ ನಾನು ಒಂದು ಉತ್ತರ ಪತ್ರಿಕೆಯ ಒಂದು ಪುಟ ನೋಡದೆ ಮಗುಚಿಬಿಟ್ಟಿದ್ದೆ. ಎರಡು ಹಾಳೆ ಅಂಟಿಕೊಂಡಿದ್ದವು. ಆ ಮಗು ದುಡ್ಡು ಕಟ್ಟಿ ಫೋಟೋಕಾಪಿ ತರಿಸಿಕೊಂಡಿತು, ಆ ಪುಟದಲ್ಲಿ ಕೆಂಪು ಇಂಕಿನ ಒಂದು ಗೆರೆಯೂ ಇಲ್ಲದ್ದು ನೋಡಿತು. ನನಗೆ ಇಲಾಖೆಯಿಂದ ನೋಟಿಸ್ ಬಂತು. ಮಗುವಿಗೆ ಎಂಟು ಅಂಕ ಸೇರಿತು. ನಾನು ದಂಡ ಕಟ್ಟಿದೆ. ಆವತ್ತು ನನಗೆ ನಾಚಿಕೆ ಆಗಿದ್ದು ನಿಜ. ಆದರೆ ಫೋಟೋಕಾಪಿ ಕೊಡೋ ವ್ಯವಸ್ಥೆ ಇರದಿದ್ದರೆ ಆ ತಪ್ಪು ನನಗೂ ಗೊತ್ತಾಗುತ್ತಿರಲಿಲ್ಲ, ಆ ಮಗು 'ನಾನು ದಡ್ಡ' ಅಂದುಕೊಂಡೇ ಇರುತ್ತಿತ್ತು. ಅದಾದ ಮೇಲೆ ನಾನು ಕ್ಲಾಸ್ ಟೆಸ್ಟ್ ಪೇಪರ್‌ನೂ ವಾಪಸ್ ಕೊಡದೆ ಇಟ್ಟುಕೊಂಡಿಲ್ಲ. ಎಲ್ಲಿ ತಪ್ಪಾಯ್ತು ಅಂತ ತೋರಿಸದೆ 'ಮತ್ತೆ ಓದು' ಅಂದರೆ ಮಗು ಏನನ್ನು ಓದಬೇಕು?

ಇದೇ ಹುಡುಗಿ ನೀಟ್ ಬರೆದಾಗ ಪ್ರಶ್ನೆ ಪತ್ರಿಕೆ ಮನೆಗೆ ತಂದಿದ್ದಳು. ಓಎಂಆರ್ ಶೀಟ್ ನೋಡೋಕೆ ಸಿಕ್ಕಿತು, ಸರಿ ಉತ್ತರಗಳೂ ಸಿಕ್ಕವು. ನಮ್ಮ ರಾಜ್ಯದ ಸಿಇಟಿಯಲ್ಲೂ ಕೀ ಉತ್ತರ ಪ್ರಕಟಿಸಿ, ತಪ್ಪಿದ್ದರೆ ಆಕ್ಷೇಪಣೆ ಹಾಕಿ ಅಂತಾರೆ. ಅಮೆರಿಕದಲ್ಲಿ ಡಾಕ್ಟರ್ ಲೈಸೆನ್ಸಿಗೆ ಬರೆಯೋ ಯುಎಸ್‌ಎಂಎಲ್‌ಇ ಪರೀಕ್ಷೆಯವರೂ ಪ್ರಶ್ನೆಗಳನ್ನು ಗುಟ್ಟಾಗಿ ಇಡುತ್ತಾರೆ. ಆದರೆ ಫೇಲಾದವರಿಗೆ ಯಾವ ಭಾಗದಲ್ಲಿ ಹಿಂದೆ ಬಿದ್ದಿದ್ದೀರಿ ಅಂತ ತೋರಿಸುತ್ತಾರೆ. ದೂರ ಯಾಕೆ ಹೋಗಬೇಕು, ಅವಳು ದುಡ್ಡು ಕಟ್ಟಿರೋ ಕೋಚಿಂಗ್ ಆಪ್‌ನಲ್ಲಿ ಗ್ರ್ಯಾಂಡ್ ಟೆಸ್ಟ್ ಬರೆದರೆ ವಿಷಯವಾರು ಅಂಕ ಆ ಕ್ಷಣಕ್ಕೇ ಬರುತ್ತದೆ. ಬಣ್ಣ ಬಣ್ಣದ ಪಟ್ಟಿ ಬರುತ್ತದೆ. ಅಣಕು ಪರೀಕ್ಷೆಯಲ್ಲಿ ಸಿಗೋದು ನಿಜವಾದ ಪರೀಕ್ಷೆಯಲ್ಲಿ ಯಾಕೆ ಸಿಗಬಾರದು? ಅದೂ ಪ್ರತಿ ಸಲ ಆರು ಸಾವಿರದ ಮೇಲೆ ಫೀಸು ಕಟ್ಟಿದವರಿಗೆ.

ಪ್ರಶ್ನೆ ಹೊರಗೆ ಬಿಟ್ಟರೆ ಪ್ರಶ್ನೆ ಭಂಡಾರ ಖಾಲಿಯಾಗುತ್ತೆ, ಮಕ್ಕಳು ಹಳೇ ಪ್ರಶ್ನೆ ಉರು ಹೊಡೆದು ಪಾಸಾಗುತ್ತಾರೆ ಅನ್ನೋ ವಾದ ಇದೆ. ಒಳ್ಳೇ ಪ್ರಶ್ನೆ ತಯಾರಿಸೋದು ಎಷ್ಟು ಕಷ್ಟ ಅಂತ ನನಗೂ ಗೊತ್ತು. ನಾಲ್ಕು ಆಯ್ಕೆ ಕೊಟ್ಟು, ಮೂರನ್ನು ತಪ್ಪಾಗಿಯೂ ನಂಬೋ ಹಾಗೂ ಮಾಡೋದಕ್ಕೆ ಅರ್ಧ ದಿನ ಬೇಕು. ಅದಕ್ಕೇ ನಾನು ಮೊದಲು ಪ್ರಶ್ನೆ ಪತ್ರಿಕೆ ಕೇಳುತ್ತಿಲ್ಲ. ವಿಷಯವಾರು ಅಂಕ ಹೇಳಿದರೆ ನಿಮ್ಮ ಒಂದು ಪ್ರಶ್ನೆಯೂ ಹೊರಗೆ ಬರೋದಿಲ್ಲ.

ಇನ್ನೊಂದು ಮಾತಿದೆ. 2024ರ ಡಿಸೆಂಬರ್ ಸರದಿಯ ಪರೀಕ್ಷೆಯಲ್ಲಿ, ಅಂದರೆ ಜನವರಿಯಲ್ಲಿ ನಡೆದದ್ದು, ನೂರಕ್ಕೆ ಸುಮಾರು 29 ಜನ ಪಾಸಾದರು. ಆರು ತಿಂಗಳಾದ ಮೇಲೆ, 2025ರ ಜೂನ್ ಸರದಿಯಲ್ಲಿ, 36,000 ಜನ ಬರೆದು ಪಾಸಾದವರು 6,700ರ ಆಸುಪಾಸು. ನೂರಕ್ಕೆ ಸುಮಾರು 19. 2023ರ ಜೂನ್‌ನಲ್ಲಂತೂ ಹತ್ತಕ್ಕೆ ಒಬ್ಬರು. ಆರು ತಿಂಗಳಲ್ಲಿ ಇಡೀ ಗುಂಪು ಇಷ್ಟು ದಡ್ಡ ಆಗೋದು, ಮತ್ತೆ ಜಾಣ ಆಗೋದು ನಾನು 31 ವರ್ಷದಲ್ಲಿ ನೋಡಿಲ್ಲ. ಒಂದು ಸಲ ಪತ್ರಿಕೆ ಕಷ್ಟ ಇತ್ತು, ಇನ್ನೊಂದು ಸಲ ಸುಲಭ ಇತ್ತು ಅಂತಿಟ್ಟುಕೊಳ್ಳೋಣ. ಹಾಗಿದ್ದರೂ ಪಾಸ್ ಗೆರೆ ಎರಡು ಸಲವೂ 150. ಯಾವ ವಿಷಯದಲ್ಲಿ ಎಲ್ಲರೂ ಬಿದ್ದರು ಅಂತ ವಿಷಯವಾರು ಸರಾಸರಿ ಪ್ರಕಟಿಸಿದರೆ ನಿಮಗೇ ಒಳ್ಳೆಯದಲ್ವಾ? ಆಗ ಪತ್ರಿಕೆಯ ಮೇಲೆ ಅನುಮಾನ ಪಡುವವರು ಕಡಿಮೆ ಆಗುತ್ತಾರೆ.

ಪರೀಕ್ಷೆ ಬಿಗಿ ಇರಲಿ. ಇದನ್ನು ನಾನು ಮನಸ್ಸಿಟ್ಟು ಹೇಳುತ್ತಿದ್ದೇನೆ. ನಮ್ಮದು ಭದ್ರಾ ನಾಲೆಯ ಭತ್ತದ ಸೀಮೆ. ಭತ್ತಕ್ಕೆ ಹೊಡೆಯೋ ಔಷಧಿ ಕುಡಿದವರನ್ನು ರಾತ್ರಿ ಹೊತ್ತು ಟ್ರ್ಯಾಕ್ಟರ್‌ನಲ್ಲಿ, ಆಟೋದಲ್ಲಿ ಹಾಕಿಕೊಂಡು ಬರುತ್ತಾರೆ. ನಮ್ಮ ಬೀದಿಯವನನ್ನೇ ಒಬ್ಬನನ್ನು ಹಾಗೆ ಕರೆದುಕೊಂಡು ಹೋಗಿದ್ದೆವು. ಬಾಯಲ್ಲಿ ನೊರೆ, ಮೈಯೆಲ್ಲ ಬೆವರು, ಕಣ್ಣಿನ ಪಾಪೆ ಸೂಜಿಮೊನೆಯಷ್ಟು. ಡ್ಯೂಟಿಯಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರ್ ಟಾರ್ಚ್ ಹಾಕಿ ಪಾಪೆ ನೋಡಿದರು, ಬಟ್ಟೆ ಬಿಚ್ಚಿಸಿ ಮೈ ತೊಳೆಸಿದರು, ಅಟ್ರೋಪಿನ್ ಹಾಕುತ್ತಾ ಹಾಕುತ್ತಾ ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳುತ್ತಲೇ ಇದ್ದರು. ಅವನು ಬದುಕಿದ. ಅದು ಗೊತ್ತಿಲ್ಲದವರ ಕೈಗೆ ಸಿಕ್ಕಿದ್ದರೆ? ನನ್ನ ತಂಗಿ ಮಗಳಾದರೂ ಸರಿ, ಇದು ಗೊತ್ತಿಲ್ಲದೆ ಆ ಕುರ್ಚಿಯಲ್ಲಿ ಕೂರೋದು ಬೇಡ.

ಪರೀಕ್ಷೆ ಪಾಸಾಗದವರು ಕುರ್ಚಿಯಲ್ಲಿ ಕೂತದ್ದೂ ಇದೆ. ಎಫ್‌ಎಂಜಿಇ ಪಾಸಾಗದ 73 ಜನರಿಗೆ ನೋಂದಣಿ ಸಿಕ್ಕಿದೆ ಅಂತ 2022ರ ಡಿಸೆಂಬರ್‌ನಲ್ಲಿ ಸಿಬಿಐ ಕೇಸು ಹಾಕಿ ದೇಶದ ತುಂಬಾ ಶೋಧ ಮಾಡಿತು. ಆ ಕೇಸಿನಲ್ಲಿ 14 ರಾಜ್ಯಗಳ ಮೆಡಿಕಲ್ ಕೌನ್ಸಿಲ್‌ಗಳ ಹೆಸರೂ ಇತ್ತು. ಇಷ್ಟು ದೊಡ್ಡ ಮಟ್ಟದಲ್ಲಿ ಅಲ್ಲದಿದ್ದರೂ, ಊರೂರಿನಲ್ಲಿ ಬೇರೆ ತರಹ ನಡೆಯುತ್ತದೆ. ನನ್ನ ಸೊಸೆಗೂ ಒಂದು ನರ್ಸಿಂಗ್ ಹೋಂನಿಂದ ಫೋನ್ ಬಂದಿತ್ತು. ರಾತ್ರಿ ಪಾಳಿ, ಬೋರ್ಡಿನಲ್ಲಿ ಬೇರೆ ಡಾಕ್ಟರ ಹೆಸರು, ಕೈಗೆ ತಿಂಗಳಿಗೆ ಇಷ್ಟು. 'ಸುಮ್ನೆ ಕೂತಿರ್ತೀಯಲ್ಲ, ಕೈ ಪಳಗುತ್ತೆ ಬಾ' ಅಂದರಂತೆ. ಅವಳು ಒಪ್ಪಲಿಲ್ಲ. ಆದರೆ ಆವತ್ತು ಇಡೀ ದಿನ ಮಂಕಾಗಿದ್ದಳು. ಸಾಲದ ಬಡ್ಡಿ ಕಟ್ಟೋರ ಮನೆಯ ಎಷ್ಟು ಮಕ್ಕಳು ಬೇಡ ಅಂದಾರು? ಪಾಸಾಗೋ ದಾರಿ ಕಾಣದೆ ಎರಡು ಮೂರು ವರ್ಷ ಕೂತವರೇ ಇಂಥ ಕಡೆ ಹೋಗಿ ಸಿಕ್ಕಿಕೊಳ್ಳೋದು.

ಸೊಸೆ ಅಂದೆ. ನಮ್ಮ ಕಡೆ ತಂಗಿ ಮಗಳು ಸೊಸೆಯೇ. ಅವಳಿಗೂ ಮದುವೆ ವಯಸ್ಸು. ನೋಡೋಕೆ ಬಂದವರು ಮಂಡಕ್ಕಿ ತಟ್ಟೆ ಕೈಯಲ್ಲಿ ಹಿಡಿದುಕೊಂಡು ಮೊದಲು ಕೇಳೋದು 'ಕ್ಲಿಯರ್ ಆಯ್ತಾ?' ಅಂತ. ಹೆಸರೂ ಕೇಳೋದಿಲ್ಲ. ಈಗ ಯಾರೇ ಬಂದರೂ ಅವಳು ಮಹಡಿಯಿಂದ ಇಳಿಯೋದಿಲ್ಲ.

ಉಕ್ರೇನಿನ ವಿಷಯ ದಾವಣಗೆರೆಯವರು ಮರೆಯೋ ಹಾಗಿಲ್ಲ. ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿಯ ಹುಡುಗ, ಖಾರ್ಕಿವ್‌ನಲ್ಲಿ ಮೆಡಿಕಲ್ ಓದುತ್ತಿದ್ದವನು, 2022ರ ಮಾರ್ಚ್ 1ರಂದು ದಾಳಿಯಲ್ಲಿ ತೀರಿಕೊಂಡ. ತಿನ್ನೋದಕ್ಕೆ ಏನಾದರೂ ತರೋಣ ಅಂತ ಹೊರಗೆ ಬಂದಿದ್ದನಂತೆ. ಮೂರು ವಾರ ಆದ ಮೇಲೆ ದೇಹ ಬಂತು. ತಂದೆ ತಾಯಿ ಅದನ್ನು ನಮ್ಮೂರಿನ ಎಸ್‌ಎಸ್ ಮೆಡಿಕಲ್ ಕಾಲೇಜಿಗೆ ದಾನ ಕೊಟ್ಟರು, ಅಲ್ಲಿ ಕಲಿಯೋ ಮಕ್ಕಳಿಗೆ ಉಪಯೋಗ ಆಗಲಿ ಅಂತ. ಡಾಕ್ಟರ್ ಆಗಬೇಕು ಅಂತ ಹೋದ ಮಗ ಮೆಡಿಕಲ್ ಕಾಲೇಜಿಗೆ ಹೀಗೆ ಬಂದ. ಈಗಲೂ ನಾನು ಆ ರಸ್ತೆಯಲ್ಲಿ ಹೋಗುವಾಗ ಒಂದು ಕ್ಷಣ ಗಾಡಿ ನಿಧಾನ ಮಾಡುತ್ತೇನೆ. ಆತನ ವಾರಿಗೆಯವರು ಬದುಕಿ ವಾಪಸ್ ಬಂದರಲ್ಲ, ಅವರಲ್ಲಿ ಎಷ್ಟೋ ಜನ ಬೇರೆ ದೇಶದಲ್ಲಿ ಡಿಗ್ರಿ ಮುಗಿಸಿ ಇದೇ ಪರೀಕ್ಷೆಯ ಬಾಗಿಲಲ್ಲಿ ನಿಂತಿದ್ದಾರೆ. ಆನ್‌ಲೈನ್ ಪಾಠ ಕೇಳಿದ್ದಕ್ಕೆ ಇಂಟರ್ನ್‌ಶಿಪ್ ಒಂದು ವರ್ಷವೋ, ಎರಡು ವರ್ಷವೋ, ಮೂರು ವರ್ಷವೋ ಅಂತ ಸುತ್ತೋಲೆ ಮೇಲೆ ಸುತ್ತೋಲೆ ಓದಿ ತಲೆ ಕೆಟ್ಟವರು ಅವರು. ಅವರಿಗೆ ಒಂದು ವಿಷಯವಾದರೂ ಸ್ಪಷ್ಟವಾಗಿ ಹೇಳಿ.

ಇನ್ನೆರಡು ಸಣ್ಣ ಕೋರಿಕೆ ಇವೆ, ಬೇಗ ಹೇಳಿ ಮುಗಿಸುತ್ತೇನೆ. 2015ರಿಂದ 2018ರವರೆಗಿನ ಪರೀಕ್ಷೆಗಳಲ್ಲಿ ಯಾವ ದೇಶದ, ಯಾವ ಕಾಲೇಜಿನ ಎಷ್ಟು ಮಕ್ಕಳು ಬರೆದರು, ಎಷ್ಟು ಜನ ಪಾಸಾದರು ಅಂತ ಪರೀಕ್ಷಾ ಮಂಡಳಿಯೇ ಹಿಂದೆ ಪ್ರಕಟಿಸಿತ್ತು. ಅಂಥ ಪಟ್ಟಿ ಪ್ರತಿ ವರ್ಷ ನೀಟ್ ಫಲಿತಾಂಶದ ದಿನವೇ ಬರಲಿ, ಕನ್ನಡದಲ್ಲೂ ಬರಲಿ. ಆವತ್ತು ಹೋಟೆಲಿನ ಹಾಲ್‌ನಲ್ಲಿ ಎದ್ದು ನಿಂತಾಗ ನನ್ನ ಕೈಯಲ್ಲಿ ಅಂಥದ್ದೊಂದು ಕಾಗದ ಇದ್ದಿದ್ದರೆ ನಾನು ಅಷ್ಟು ಬೇಗ ಕೂತುಕೊಳ್ಳುತ್ತಿರಲಿಲ್ಲ. ಈ ವರ್ಷ ಮಕ್ಕಳನ್ನು ಕಳಿಸೋ ಯೋಚನೆಯಲ್ಲಿರುವ ನಮ್ಮ ಜಿಲ್ಲೆಯ ತಂದೆ ತಾಯಿಗಳಿಗೂ ಒಂದು ಮಾತು. 2021ರ ನವೆಂಬರ್‌ನಲ್ಲಿ ಬಂದ ಆಯೋಗದ ನಿಯಮ ಓದಿಸಿಕೊಳ್ಳಿ. ಕೋರ್ಸ್ ಕಡೇ ಪಕ್ಷ 54 ತಿಂಗಳು ಇರಬೇಕು, ಅದೇ ಕಾಲೇಜಿನಲ್ಲಿ 12 ತಿಂಗಳು ಇಂಟರ್ನ್‌ಶಿಪ್ ಆಗಬೇಕು, ಪಾಠ ಇಂಗ್ಲಿಷಿನಲ್ಲಿ ಇರಬೇಕು, ಆ ದೇಶದಲ್ಲಿ ಅವರು ಡಾಕ್ಟರಾಗಿ ನೋಂದಣಿ ಆಗುವಂತಿರಬೇಕು. ಇವು ನಾಲ್ಕೂ ಕಾಗದದಲ್ಲಿ ಕೊಡಿ ಅಂತ ಏಜೆಂಟರನ್ನು ಕೇಳಿ. ಬಾಯಿಮಾತು ಬೇಡ.

ಎರಡನೆಯದು. ಫೇಲಾದ ಮಕ್ಕಳು ಆರು ತಿಂಗಳು ರೂಮಿನಲ್ಲಿ ಪುಸ್ತಕ, ಫೋನು ಬಿಟ್ಟರೆ ಬೇರೇನೂ ನೋಡೋದಿಲ್ಲ. ರೋಗಿಯ ಮುಖ ನೋಡಿ ವರ್ಷ ಆಗಿರುತ್ತದೆ. ನಮ್ಮ ಚಿಗಟೇರಿ ಜಿಲ್ಲಾ ಆಸ್ಪತ್ರೆಯಂಥ ಕಡೆ, ಹಿರಿಯ ಡಾಕ್ಟರ ಹಿಂದೆ ನಿಂತು ನೋಡೋಕೆ ಮಾತ್ರ ಅವರಿಗೆ ಅವಕಾಶ ಕೊಡಿ. ಮುಟ್ಟೋದು ಬೇಡ, ಬರೆಯೋದು ಬೇಡ. ಹಾವು ಕಚ್ಚಿದವರು, ಡೆಂಗಿ ಬಂದ ಮಕ್ಕಳು, ಔಷಧಿ ಕುಡಿದವರು ಬಿಷ್ಕೆಕ್‌ನಲ್ಲಿ ಅವಳಿಗೆ ಸಿಗಲಿಲ್ಲ. ಇಲ್ಲಿ ದಿನಾ ಬರುತ್ತಾರೆ. ಪುಸ್ತಕದಲ್ಲಿ ಹತ್ತು ಸಲ ಓದಿದರೂ ನಿಲ್ಲದ್ದು ಒಂದು ಸಲ ಕಣ್ಣಾರೆ ನೋಡಿದರೆ ನಿಲ್ಲುತ್ತದೆ.

ನೆಕ್ಸ್ಟ್ ಅನ್ನೋ ಒಂದೇ ಪರೀಕ್ಷೆ ಬರುತ್ತೆ, ಇಲ್ಲಿ ಓದಿದವರೂ ಹೊರಗೆ ಓದಿದವರೂ ಅದನ್ನೇ ಬರೀಬೇಕು ಅಂತ 2019ರ ಕಾಯ್ದೆಯಲ್ಲೇ ಇದೆ. 2023ರ ಜುಲೈನಲ್ಲಿ ಅದನ್ನು ಮುಂದೂಡಿದಿರಿ. ಅದು ಬಂದ ದಿನ ನಮ್ಮ ಜೆಜೆಎಂ, ಎಸ್‌ಎಸ್, ಚಿತ್ರದುರ್ಗದ ಮಕ್ಕಳೂ ಇದೇ ಸಾಲಿನಲ್ಲಿ ನಿಲ್ಲುತ್ತಾರೆ. ಇವತ್ತು ವಿಷಯವಾರು ಅಂಕ ಕೊಡೋ ಪದ್ಧತಿ ಶುರು ಮಾಡಿದರೆ ಆವತ್ತಿಗೆ ಅದು ರೂಢಿಯಾಗಿರುತ್ತದೆ.

ಮಹಡಿ ರೂಮಿನ ಗೋಡೆಗೆ ಅವಳು ಒಂದು ಡ್ರಾಯಿಂಗ್ ಶೀಟ್ ಅಂಟಿಸಿದ್ದಾಳೆ. 20 ವಿಷಯದ ಹೆಸರು, ಎದುರಿಗೆ ನಿಮ್ಮ ಪಟ್ಟಿಯ ಅಂಕ, ಅದರ ಎದುರಿಗೆ ಗ್ರ್ಯಾಂಡ್ ಟೆಸ್ಟ್‌ನಲ್ಲಿ ಬಂದದ್ದು ಪೆನ್ಸಿಲ್‌ನಲ್ಲಿ. ಕೊನೆಗೆ ಎರಡು ಕಾಲಂ ಗೆರೆ ಎಳೆದು ಮೇಲೆ 'ಜನವರಿ' ಅಂತ, 'ಜುಲೈ' ಅಂತ ಬರೆದಿದ್ದಾಳೆ. ಅವೆರಡೂ ಖಾಲಿ ಇವೆ. ಆ ಎರಡು ಪರೀಕ್ಷೆಯ ಅಂಕಗಳನ್ನು ಈಗಲಾದರೂ ಕಳಿಸಿಕೊಡಿ. ಅವಳೊಬ್ಬಳಿಗೆ ಅಲ್ಲ, ಆ ಎರಡು ಸಲ ಫೇಲಾದ ಅಷ್ಟೂ ಮಕ್ಕಳಿಗೆ. ಮುಂದಿನ ಸಲಕ್ಕೆ ಅವಳು ಸರ್ಜರಿ ಮೊದಲು ಹಿಡಿಯಬೇಕೋ ಪಿಎಸ್‌ಎಂ ಮೊದಲು ಹಿಡಿಯಬೇಕೋ ಅಂತ ನಾವಿನ್ನೂ ತೀರ್ಮಾನ ಮಾಡಿಲ್ಲ. ನಿಮ್ಮ ಉತ್ತರಕ್ಕೆ ಕಾಯುತ್ತಿದ್ದೇವೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಜೀವಶಾಸ್ತ್ರ ಉಪನ್ಯಾಸಕ
ವಿದ್ಯಾನಗರ, ದಾವಣಗೆರೆ